ಹಾಲ್‌ನಲ್ಲಿ ಕುದುರೆ, ಮಗುವಿನ ಬಾಯಲ್ಲಿ ಮಾತು: ಮನೆಯ ಸ್ಪೀಚ್ ಥೆರಪಿಗೆ ಎಆರ್ ಬಳಸುವ ಬಗೆ

ನಾನು ಸ್ಪೀಚ್ ಥೆರಪಿಸ್ಟ್. ಹೋದ ವರ್ಷ ಒಂದು ಮನೆಗೆ ಹೋಗಿದ್ದೆ. ನಾಲ್ಕೂವರೆ ವರ್ಷದ ಹುಡುಗ. ಮಾತು ತಡ, ಬಂದ ಮಾತಿನಲ್ಲೂ ‘ಕ’ ಇರುವಲ್ಲೆಲ್ಲ ‘ತ’. ಅವನಮ್ಮ ಖುಷಿಯಿಂದ ಫೋನ್ ತೆಗೆದು, “ಮೇಡಂ, ಈಗ ನಾವು ಎಆರ್‌ನಲ್ಲೇ ಪ್ರಾಕ್ಟೀಸ್ ಮಾಡಿಸ್ತಿದೀವಿ, ನೋಡಿ” ಅಂದರು. ಪರದೆಯ ಮೇಲೆ ಅವರದೇ ಹಾಲ್, ಅವರದೇ ದಿವಾನ್, ಅದರ ಮುಂದೆ ನಿಜವಾದ ಅಳತೆಯ ಹುಲಿ. ಅದು ತಲೆ ಆಡಿಸಿತು, ಗುರುಗುಟ್ಟಿತು. ಹುಡುಗ ರೆಪ್ಪೆ ಬಡಿಯದೆ ನೋಡಿದ. ನಾನೂ ಹದಿನೈದು ನಿಮಿಷ ಪಕ್ಕದಲ್ಲಿ ಕೂತಿದ್ದೆ. ಅಷ್ಟು ಹೊತ್ತಿನಲ್ಲಿ ಅವನ ಬಾಯಿಂದ ಬಂದದ್ದು ಎರಡೇ ಮಾತು. ಒಂದು “ಅಮ್ಮಾ”, ಇನ್ನೊಂದು “ತೊಡು”. ಕೊಡು ಅಂತ ಅವನು ಕೇಳಿದ್ದು ಫೋನನ್ನು.

ಹುಲಿಯದೇನೂ ತಪ್ಪಿಲ್ಲ, ತಾಯಿಯದೂ ಇಲ್ಲ. ಆ ಆಟದಲ್ಲಿ ಹುಡುಗ ಮಾತಾಡಲೇಬೇಕಾದ ಜಾಗ ಒಂದೂ ಇರಲಿಲ್ಲ, ಅಷ್ಟೇ. ಫೋನ್ ತಾನೇ ಕುಣಿಯಿತು, ತಾನೇ ಗರ್ಜಿಸಿತು, ಹೆಸರನ್ನೂ ಇಂಗ್ಲಿಷಿನಲ್ಲಿ ತಾನೇ ತೋರಿಸಿತು. ಮನೆಯಲ್ಲಿ ಎಆರ್ ಇಟ್ಟುಕೊಂಡು ಮಾತಿನ ಅಭ್ಯಾಸ ಮಾಡಿಸುವುದು ಎಂದರೆ, ಫೋನ್ ಸುಮ್ಮನಾಗುವ ಮತ್ತು ಮಗು ಬಾಯಿ ತೆರೆಯಲೇಬೇಕಾದ ಕ್ಷಣಗಳನ್ನು ನಾವು ಹುಟ್ಟಿಸುವುದು. ಅದು ಹೇಗೆ ಅಂತ ನಾನು ಮನೆಯವರಿಗೆ ಹೇಳಿಕೊಡುವ ಕ್ರಮದಲ್ಲೇ ಇಲ್ಲಿ ಬರೆಯುತ್ತೇನೆ.

ಎಆರ್ ಅಂದರೆ ಆಗ್‌ಮೆಂಟೆಡ್ ರಿಯಾಲಿಟಿ. ಕ್ಯಾಮೆರಾದಲ್ಲಿ ಕಾಣುವ ನಿಮ್ಮ ಮನೆಯ ಮೇಲೆಯೇ ಇಲ್ಲದ ವಸ್ತುವೊಂದನ್ನು ಕೂರಿಸಿ ತೋರಿಸುವ ತಂತ್ರ. ಕಣ್ಣಿಗೆ ಕನ್ನಡಕದ ಡಬ್ಬ ಕಟ್ಟಿಕೊಳ್ಳುವ ವಿಆರ್ ಬೇರೆ, ಅದು ಚಿಕ್ಕ ಮಕ್ಕಳಿಗೆ ಬೇಡ.

ಫೋನ್ ಮುಟ್ಟುವ ಮೊದಲು

ಮೊದಲು ಕಿವಿ. ಮಾತು ತಡವಾದ ಮಗುವಿಗೆ ಶ್ರವಣ ಪರೀಕ್ಷೆ ಆಗದೆ ಯಾವ ಅಭ್ಯಾಸವನ್ನೂ ಶುರು ಮಾಡಬೇಡಿ. “ಕರೆದ್ರೆ ತಿರುಗ್ತಾನಲ್ಲ” ಅನ್ನುವುದು ಪರೀಕ್ಷೆಯಲ್ಲ. ಒಂದೇ ಕಿವಿ ಕೇಳುವ ಮಗುವೂ ತಿರುಗುತ್ತದೆ, ಗಟ್ಟಿ ಸದ್ದು ಮಾತ್ರ ಕೇಳುವ ಮಗುವೂ ತಿರುಗುತ್ತದೆ.

ಆಮೇಲೆ ಸ್ಪೀಚ್ ಥೆರಪಿಸ್ಟ್ ಹತ್ತಿರ ಅಸೆಸ್‌ಮೆಂಟ್. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಮೈಸೂರಿನವರು ಆಯಿಷ್ ಅನ್ನುತ್ತಾರೆ. ದೂರದವರಿಗೆ ಆನ್‌ಲೈನಿನಲ್ಲೂ ಅಲ್ಲಿಂದ ಥೆರಪಿ ಸಿಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆ ವಿಭಾಗವಿದೆ. ಅಂಗನವಾಡಿ ಮತ್ತು ಸರ್ಕಾರಿ ಶಾಲೆಯ ಮಕ್ಕಳಾದರೆ 2013ರಿಂದ ನಡೆಯುತ್ತಿರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಹೆಸರು ಬರೆಸಿ, ಮಕ್ಕಳ ತೊಂದರೆಗಳಿಗೆ ಬೇಗನೆ ಚಿಕಿತ್ಸೆ ಶುರು ಮಾಡುವ ಜಿಲ್ಲೆಯ ಡಿಇಐಸಿ ಕೇಂದ್ರಕ್ಕೆ ಕಳಿಸುತ್ತಾರೆ. ಖಾಸಗಿಯಾಗಿ ತೋರಿಸುವುದಾದರೆ ಅವರು ಭಾರತೀಯ ಪುನರ್ವಸತಿ ಮಂಡಳಿಯಲ್ಲಿ ನೋಂದಾಯಿತರೇ ಅಂತ ಕೇಳಿ. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು, ಮಾಡಿಕೊಂಡರೆ ಅದೇ ಒಂದು ಸೂಚನೆ.

ಅಲ್ಲಿಂದ ಬರುವಾಗ ಒಂದೇ ಒಂದು ಪ್ರಶ್ನೆಗೆ ಉತ್ತರ ತನ್ನಿ: “ಮುಂದಿನ ಒಂದು ತಿಂಗಳು ಮನೇಲಿ ಏನು ಗುರಿ ಇಟ್ಕೊಳ್ಳೋಣ?” ‘ಕ’ ಸ್ಪಷ್ಟವಾಗಬೇಕೋ, ಎರಡು ಪದ ಕೂಡಿಸಬೇಕೋ, ‘ಮೇಲೆ-ಕೆಳಗೆ’ ಬರಬೇಕೋ? ಗುರಿ ಗೊತ್ತಿಲ್ಲದೆ ಎಆರ್ ಹಾಕಿದರೆ ಅದು ಬರೀ ಮೃಗಾಲಯ.

ವಯಸ್ಸಿನ ಮಾತು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ 2 ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ 1 ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಆ ಒಂದು ಗಂಟೆಯಲ್ಲಿ ಊಟದ ಹೊತ್ತಿನ ಯೂಟ್ಯೂಬೂ ಸೇರಿತು ಅನ್ನುವುದನ್ನು ಮರೆಯಬೇಡಿ. ನಾನು ಕೇಳುವುದು 10 ನಿಮಿಷ, ಅದೂ 3 ವರ್ಷ ದಾಟಿದವರಿಗೆ. ಮಗುವಿಗೆ ಫಿಟ್ಸ್ ಬಂದದ್ದಿದ್ದರೆ ಡಾಕ್ಟರನ್ನು ಕೇಳದೆ ಶುರು ಮಾಡಬೇಡಿ.

ಯಾವ ಫೋನ್, ಯಾವ ನೆಲ

ದುಡ್ಡು ಕೊಟ್ಟು ಏನನ್ನೂ ಕೊಳ್ಳುವ ಅಗತ್ಯವಿಲ್ಲ. ಆಂಡ್ರಾಯ್ಡ್ ಫೋನಾದರೆ ಪ್ಲೇ ಸ್ಟೋರಿನಲ್ಲಿ ‘ಗೂಗಲ್ ಪ್ಲೇ ಸರ್ವಿಸಸ್ ಫಾರ್ ಎಆರ್’ ಅಂತ ಹುಡುಕಿ. ಇನ್‌ಸ್ಟಾಲ್ ಆದರೆ ನಿಮ್ಮ ಫೋನಿನಲ್ಲಿ ಎಆರ್ ನಡೆಯುತ್ತದೆ, ಹೊಂದುವುದಿಲ್ಲ ಅಂದರೆ ಇಲ್ಲ. ಐಫೋನಿನಲ್ಲಿ 6ಎಸ್‌ನಿಂದ ಈಚಿನವುಗಳಲ್ಲಿ ಬರುತ್ತದೆ.

ಸುಲಭದ ದಾರಿ ಗೂಗಲ್ ಹುಡುಕಾಟ. 2019ರಲ್ಲಿ ಬಂದ ಸೌಲಭ್ಯ ಇದು. ಕುದುರೆ, ಬೆಕ್ಕು, ಮೇಕೆ, ಬಾತುಕೋಳಿ, ಆಮೆ, ಹುಲಿ ಇವುಗಳ ಇಂಗ್ಲಿಷ್ ಹೆಸರನ್ನು ಫೋನಿನಲ್ಲಿ ಹುಡುಕಿದಾಗ ‘ವ್ಯೂ ಇನ್ ತ್ರೀಡಿ’ ಬಟನ್ ಕಂಡರೆ ಒತ್ತಿ, ನಂತರ ‘ವ್ಯೂ ಇನ್ ಯುವರ್ ಸ್ಪೇಸ್’. ಎಲ್ಲ ಫೋನಿನಲ್ಲೂ ಕಾಣುವುದಿಲ್ಲ. ಕಾಣದಿದ್ದರೆ ಕ್ವಿವರ್ ಎಂಬ ಆ್ಯಪ್ ಇದೆ. ಅದರ ಚಿತ್ರದ ಹಾಳೆಯನ್ನು ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿ, ಮಗು ಬಣ್ಣ ತುಂಬಿದ ಮೇಲೆ ಕ್ಯಾಮೆರಾ ಹಿಡಿದರೆ ಚಿತ್ರ ಅದೇ ಬಣ್ಣದಲ್ಲಿ ಹಾಳೆಯಿಂದ ಎದ್ದು ನಿಲ್ಲುತ್ತದೆ. ನನ್ನನ್ನು ಕೇಳಿದರೆ ಎರಡನೆಯದೇ ಮೇಲು. ಬಣ್ಣ ಹಚ್ಚುವ ಇಪ್ಪತ್ತು ನಿಮಿಷ ಪರದೆಯೇ ಇಲ್ಲದ ಮಾತುಕತೆ. “ಕೆಂಪು ಕೊಡ್ಲಾ, ಕಪ್ಪು ಕೊಡ್ಲಾ?” ಅನ್ನುವಲ್ಲೇ ‘ಕ’ದ ಅಭ್ಯಾಸ ಮುಗಿದಿರುತ್ತದೆ.

ಇನ್ನು ನೆಲ. ಎಷ್ಟೋ ಜನ “ನಮ್ಮ ಫೋನಲ್ಲಿ ಪ್ರಾಣಿ ಕೂರೋದೇ ಇಲ್ಲ, ತೇಲಾಡುತ್ತೆ” ಅನ್ನುತ್ತಾರೆ. ಕಾರಣ ಫೋನಿನದಲ್ಲ, ನೆಲದ್ದು. ಕ್ಯಾಮೆರಾ ನೆಲದ ಮೇಲಿನ ಚುಕ್ಕಿ, ಗೆರೆ, ಅಂಚುಗಳನ್ನು ಗುರುತು ಹಿಡಿದು ನೆಲ ಎಲ್ಲಿದೆ ಎಂದು ಲೆಕ್ಕ ಹಾಕುತ್ತದೆ. ಹಳೆ ಮನೆಯ ನುಣುಪಾದ ರೆಡ್ ಆಕ್ಸೈಡ್ ನೆಲದಲ್ಲಿ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಹೊಳೆಯುವ ಬಿಳಿ ಟೈಲ್ಸ್‌ನಲ್ಲಿ ಟ್ಯೂಬ್‌ಲೈಟ್ ಪ್ರತಿಫಲಿಸಿ ಗೊಂದಲವಾಗುತ್ತದೆ. ಒಂದು ಪಟ್ಟೆ ಜಮಖಾನೆ ಹಾಸಿ, ಇಲ್ಲವೇ ಹಳೆ ಪೇಪರ್ ಹರಡಿ, ಫೋನನ್ನು ನಿಧಾನವಾಗಿ ಎಡಬಲ ಆಡಿಸಿ. ಕುದುರೆ ಬಂದು ಜಮಖಾನೆಯ ಮೇಲೆ ಗಟ್ಟಿಯಾಗಿ ನಿಲ್ಲುತ್ತದೆ. ಹಗಲು ಬೆಳಕಿನಲ್ಲಿ ಮಾಡಿದರೆ ಇನ್ನೂ ಚೆನ್ನ.

ಕೂರುವ ಮುಂಚೆ ಫೋನಿನ ಸದ್ದು ಪೂರ್ತಿ ಮ್ಯೂಟ್, ನೋಟಿಫಿಕೇಶನ್ ಬಂದ್, ಚಾರ್ಜ್ ತುಂಬಿರಲಿ. ಎಆರ್ ಬ್ಯಾಟರಿ ಕುಡಿಯುತ್ತದೆ, ಫೋನನ್ನು ಬಿಸಿ ಮಾಡುತ್ತದೆ. ಮ್ಯೂಟ್ ಮಾಡುವುದನ್ನು ಮಾತ್ರ ಮರೆಯಲೇಬೇಡಿ. ಕುದುರೆ ಕೆನೆಯುವ ಕೆಲಸ ನಿಮ್ಮದು ಮತ್ತು ಮಗುವಿನದು.

ಪದಗಳನ್ನು ಆರಿಸುವುದು

ಆ್ಯಪಿನಲ್ಲಿ ಏನಿದೆಯೋ ಅದನ್ನೆಲ್ಲ ತೋರಿಸುತ್ತಾ ಹೋಗುವುದು ಸಾಮಾನ್ಯ ತಪ್ಪು. ಗುರಿಯಿಂದ ಪದಕ್ಕೆ ಬನ್ನಿ, ಪದದಿಂದ ಪ್ರಾಣಿಗೆ.

ಆ ಹುಡುಗನ ಗುರಿ ‘ಕ’. ಅವನ ಪಟ್ಟಿ ಐದೇ ಪದ: ಕುದುರೆ, ಕರಡಿ, ಬೆಕ್ಕು, ಮೇಕೆ, ಬಾತುಕೋಳಿ. ಮೊದಲೆರಡರಲ್ಲಿ ‘ಕ’ ಪದದ ಆರಂಭದಲ್ಲಿದೆ, ಉಳಿದವುಗಳಲ್ಲಿ ನಡುವೆ. ‘ಬೆಕ್ಕು’ ಪದದಲ್ಲಿ ಒತ್ತಕ್ಷರವಿದೆ. ಬಿಡಿ ‘ಕ’ ಬಾರದ ಕೆಲವು ಮಕ್ಕಳಿಗೆ ಒತ್ತಿ ಹೇಳುವ ‘ಕ್ಕ’ ಮೊದಲು ಸಿಗುತ್ತದೆ, ಏಕೆಂದರೆ ನಾಲಿಗೆಯ ಹಿಂಭಾಗ ಅಂಗುಳಿಗೆ ತಾಗಿ ಒಂದು ಗಳಿಗೆ ಅಲ್ಲೇ ನಿಲ್ಲುತ್ತದೆ. ಇವನಿಗೂ ಹಾಗೇ ಆಯಿತು, ‘ಬೆತ್ತು’ ‘ಬೆಕ್ಕು’ ಆದ ಎಷ್ಟೋ ದಿನದ ಮೇಲೆ ‘ತುದುರೆ’ ‘ಕುದುರೆ’ಯಾಯಿತು. ‘ರ’ ತಪ್ಪಿದರೆ ಈಗ ಬಿಟ್ಟುಬಿಡಿ. ‘ರ’, ‘ಳ’ ನಿಧಾನಕ್ಕೆ ಬರುವ ಧ್ವನಿಗಳು. ಒಂದು ಸಲಕ್ಕೆ ಒಂದೇ ಧ್ವನಿ.

ಮನೆಮಾತನ್ನು ತಿದ್ದಬೇಡಿ. ಮಂಡ್ಯದ ಕಡೆಯ ಮಗು ‘ಹುಲಿ’ಯನ್ನು ‘ಉಲಿ’ ಅಂದರೆ, ಹಸುವನ್ನು ‘ಅಸು’ ಅಂದರೆ, ಅಜ್ಜಿ ತಾತ ಹಾಗೇ ಅನ್ನುವ ಮನೆಯಲ್ಲಿ ಅದು ದೋಷವಲ್ಲ, ಆ ಸೀಮೆಯ ಕನ್ನಡ. ಧಾರವಾಡದ ಮನೆಯಲ್ಲಿ ಕುದುರೆ ‘ಬಂತು’ ಅಂತಲೇ ಬರಬೇಕಿಲ್ಲ, ‘ಬಂತ’ ಅಂದರೂ ಬಂದಂತೆಯೇ. ಥೆರಪಿಸ್ಟ್ ಬೇರೆ ಊರಿನವರಾದರೆ ಇದನ್ನು ನೀವೇ ಹೇಳಿ. ನಮಗೂ ಗೊತ್ತಾಗಬೇಕಲ್ಲ.

ಧ್ವನಿಗಿಂತ ಭಾಷೆಯೇ ಗುರಿಯಾದವರಿಗೆ ಎಆರ್ ಇನ್ನೂ ಹೆಚ್ಚು ಕೆಲಸಕ್ಕೆ ಬರುತ್ತದೆ. ಚಿತ್ರಪುಸ್ತಕದಲ್ಲಿ ಬೆಕ್ಕು ಯಾವಾಗಲೂ ಅದೇ ಮೇಜಿನ ಕೆಳಗಿರುತ್ತದೆ. ಇಲ್ಲಿ ಬೆಕ್ಕನ್ನು ನಿಮ್ಮ ಕುರ್ಚಿಯ ಮೇಲೆ, ಮಂಚದ ಪಕ್ಕ, ಅಜ್ಜಿಯ ಕಾಲ ಹತ್ತಿರ ಎಲ್ಲಿ ಬೇಕಾದರೂ ಇಡಬಹುದು. ‘ಮೇಲೆ, ಕೆಳಗೆ, ಹಿಂದೆ, ಪಕ್ಕ’ ಕಲಿಸಲು ಇದಕ್ಕಿಂತ ಒಳ್ಳೆಯ ಆಟ ನಾನು ಕಂಡಿಲ್ಲ. ಎರಡು ಬೆರಳಿನಲ್ಲಿ ಹಿಗ್ಗಿಸಿದರೆ ‘ದೊಡ್ಡದು’, ಕುಗ್ಗಿಸಿದರೆ ‘ಚಿಕ್ಕದು’. ಕ್ರಿಯಾಪದವೂ ಹಾಗೆಯೇ. “ಹುಲಿ ಬಂದ” ಅನ್ನುವ ಮಗುವಿಗೆ “ಹುಲಿ ಬಂತು”, “ಅಣ್ಣ ಬಂದ”, “ಅಕ್ಕ ಬಂದಳು” ಮೂರನ್ನೂ ಅದೇ ಹಾಲ್‌ನಲ್ಲಿ, ಅದೇ ಐದು ನಿಮಿಷದಲ್ಲಿ ತೋರಿಸಬಹುದು. ಅಣ್ಣನನ್ನೂ ಅಕ್ಕನನ್ನೂ ಬಾಗಿಲ ಹಿಂದೆ ನಿಲ್ಲಿಸಿಟ್ಟುಕೊಳ್ಳಿ, ಅವರಿಗೆ ಎಆರ್ ಬೇಕಿಲ್ಲ.

ಹತ್ತು ನಿಮಿಷದ ಆಟ

ಮುಖ್ಯ ನಿಯಮ ಒಂದೇ. ಫೋನ್ ಯಾವಾಗಲೂ ದೊಡ್ಡವರ ಕೈಯಲ್ಲಿ. ಮಗುವಿನ ಕೈಗೆ ಹೋಯಿತೋ, ಅದು ಬೆರಳಿನ ಆಟವಾಗುತ್ತದೆ, ಬಾಯಿ ಮುಚ್ಚುತ್ತದೆ.

ನೆಲದ ಮೇಲೆ ಮಗುವಿನ ಎದುರಿಗಲ್ಲ, ಓರೆಯಾಗಿ ಕೂತುಕೊಳ್ಳಿ. ಅದಕ್ಕೆ ಪರದೆಯೂ ಕಾಣಬೇಕು, ನಿಮ್ಮ ತುಟಿಯೂ ಕಾಣಬೇಕು. ಕ್ಯಾಮೆರಾ ತೆರೆಯಿರಿ, ಆದರೆ ಪ್ರಾಣಿಯನ್ನು ತರಬೇಡಿ. ಬರಿಯ ಜಮಖಾನೆ ಕಾಣಲಿ. ಈಗ ಕೇಳಿ: “ಯಾರನ್ನ ಕರೆಯೋಣ?” ಕೇಳಿ ಸುಮ್ಮನಿರಿ. ಮನಸ್ಸಿನಲ್ಲಿ ಒಂದರಿಂದ ಹತ್ತರವರೆಗೆ ಎಣಿಸಿ. ನಮ್ಮ ಮನೆಗಳಲ್ಲಿ ಅತಿ ಕಷ್ಟದ ಹೆಜ್ಜೆ ಇದು. ಮೂರು ಎಣಿಸುವಷ್ಟರಲ್ಲಿ ಅಜ್ಜಿ ಅಡುಗೆಮನೆಯಿಂದ “ಕುದುರೆ ಅನ್ನು ಪುಟ್ಟಾ” ಅಂದುಬಿಡುತ್ತಾರೆ. ಅಜ್ಜಿಗೆ ಮೊದಲೇ ಹೇಳಿಟ್ಟಿರಿ.

ಹತ್ತಾದರೂ ಮಾತು ಬರಲಿಲ್ಲವೆಂದರೆ ಒಂದು ಮೆಟ್ಟಿಲು ಇಳಿಯಿರಿ: “ಕುದುರೆ ಬೇಕಾ, ಬೆಕ್ಕು ಬೇಕಾ?” ಮತ್ತೆ ಕಾಯಿರಿ. ಇನ್ನೂ ಇಲ್ಲವೆಂದರೆ ಮೊದಲ ಅಕ್ಷರ ಕೊಡಿ: “ಕು…” ಆಗಲೂ ಇಲ್ಲವೆಂದರೆ ಪೂರ್ತಿ ಪದವನ್ನು ನೀವೇ ಹೇಳಿ, ಕುದುರೆಯನ್ನು ತಂದುಬಿಡಿ. ಮಾತು ಬರಲಿಲ್ಲ ಅಂತ ಕುದುರೆಯನ್ನು ತಡೆಹಿಡಿದು ಮಗುವನ್ನು ಅಳಿಸಬಾರದು. ಅದು ಥೆರಪಿಯಲ್ಲ, ವಸೂಲಿ.

ಮಗು “ತುದುರೆ” ಅಂದಿತು ಅನ್ನೋಣ. “ತಪ್ಪು, ಸರಿಯಾಗಿ ಹೇಳು” ಅನ್ನಬೇಡಿ. ಕುದುರೆಯನ್ನು ತಕ್ಷಣ ತನ್ನಿ, ತರುತ್ತಾ “ಹೌದು! ಕ್ಕುದುರೆ. ಕುದುರೆ ಬಂತು” ಅನ್ನಿ. ‘ಕು’ವನ್ನು ತುಸು ಒತ್ತಿ, ಮುಖ ಸಿಂಡರಿಸದೆ. ಮತ್ತೆ ಹೇಳಲೇಬೇಕು ಅಂತಿಲ್ಲ. ಹೇಳಿದರೆ ಲಾಭ.

ಕುದುರೆ ಬಂದ ಮೇಲೆ ಆಟ ಮಗುವಿನ ಅಪ್ಪಣೆಯಲ್ಲಿ ನಡೆಯಲಿ. ನೀವು ಡ್ರೈವರ್, ಅದು ಸಾಹುಕಾರ.

“ಎಲ್ಲಿ ನಿಲ್ಲಿಸ್ಲಿ?”
“ಅಲ್ಲಿ.”
“ಅಲ್ಲಿ ಅಂದ್ರೆ? ಮಂಚದ ಮೇಲಾ, ಕೆಳಗಾ?”
“ತೆಳಗೆ.”
“ಕೆಳಗೆ! ಕುದುರೆ ಮಂಚದ ಕೆಳಗೆ ಹೋಯ್ತು. ಅಯ್ಯೋ, ತಲೆ ತಾಗ್ತಿದೆ. ಏನ್ ಮಾಡೋಣ?”
“ತಿಕ್ಕದು.”

ನನ್ನ ಮುಂದೆಯೇ ನಡೆದ ಮಾತು ಇದು, ಎರಡನೇ ವಾರದಲ್ಲಿ. ‘ಚಿಕ್ಕದು’ ಅನ್ನುವಲ್ಲಿ ‘ಚಿ’ ಹೋಗಿ ‘ತಿ’ ಬಂದಿತ್ತು, ಆದರೆ ನಡುವಿನ ‘ಕ್ಕ’ ಅಚ್ಚುಕಟ್ಟಾಗಿತ್ತು. ಆ ತಾಯಿಗೆ ಮೊದಲು ಕೇಳಿದ್ದು ‘ತಿ’ ಮಾತ್ರ. ನಾನು ತೋರಿಸಿದ ಮೇಲೆ ‘ಕ್ಕ’ ಕೇಳಿಸಿತು. ತಪ್ಪನ್ನಷ್ಟೇ ಕೇಳುವ ಕಿವಿ ನಮಗೆಲ್ಲ ಇರುವುದೇ.

ಒಂದು ಸಲಕ್ಕೆ ಎರಡೋ ಮೂರೋ ಪ್ರಾಣಿ ಸಾಕು. ಹತ್ತು ನಿಮಿಷವಾದಾಗ ಪ್ರಾಣಿಗೆ ಟಾಟಾ ಹೇಳಿಸಿ ಮುಗಿಸಿ: “ಕುದುರೆ ಮಲಕ್ಕೊಳ್ತು.” ಫೋನನ್ನು ಕಣ್ಮರೆ ಮಾಡಿ. ಅಳು ಬರುತ್ತದೆ ಅಂತ ಅನಿಸಿದರೆ ಮುಗಿದ ಕೂಡಲೇ ಶುರುವಾಗುವ ಇನ್ನೊಂದು ಆಟ ಸಿದ್ಧವಿರಲಿ.

ಕೆಲವು ಮಕ್ಕಳು ಹೆದರುತ್ತಾರೆ. ನಿಜದ ಗಾತ್ರದ ಹುಲಿ ತಮ್ಮದೇ ಹಾಲ್‌ನಲ್ಲಿ ನಿಂತರೆ ಹೆದರದೆ ಇನ್ನೇನು? ಬಾತುಕೋಳಿಯಿಂದ ಶುರು ಮಾಡಿ, ಅಂಗೈ ಅಗಲಕ್ಕೆ ಕುಗ್ಗಿಸಿ ಇಡಿ. ಎಡವುವ ಅಪಾಯವೂ ಇದೆ. ಪರದೆ ನೋಡಿಕೊಂಡು ಹಿಂದೆ ಸರಿಯುವ ಅಪ್ಪಂದಿರು ಟೀಪಾಯ್‌ಗೆ ಕಾಲು ಬಡಿಸಿಕೊಂಡದ್ದನ್ನು ಬೇಕಾದಷ್ಟು ನೋಡಿದ್ದೇನೆ.

ಮುಖದ ಫಿಲ್ಟರ್‌ಗಳ ವಿಚಾರ

ಬೆಕ್ಕಿನ ಕಿವಿ, ಟೋಪಿ, ಬಾಯಿ ತೆರೆದರೆ ಮಳೆಬಿಲ್ಲು ಸುರಿಯುವುದು, ಇವೂ ಎಆರ್‌ಗಳೇ. ಇವುಗಳನ್ನು ‘ಬಾಯಿಯ ವ್ಯಾಯಾಮ’ಕ್ಕೆ ಬಳಸಿ ಅಂತ ಎಷ್ಟೋ ವಿಡಿಯೊಗಳು ಹೇಳುತ್ತವೆ. ನನಗೆ ಒಪ್ಪಿಗೆಯಿಲ್ಲ. ನಾಲಿಗೆ ಚಾಚುವುದು, ಕೆನ್ನೆ ಉಬ್ಬಿಸುವುದು ಮಾಡಿದ ಮಾತ್ರಕ್ಕೆ ಉಚ್ಚಾರ ಸುಧಾರಿಸುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಮಾತು ಬರುವುದು ಮಾತಾಡಿಯೇ.

ಕನ್ನಡಿಯ ಹಾಗೆ ಬಳಸಿದರೆ ಮಾತ್ರ ಪ್ರಯೋಜನವಿದೆ. ಪ, ಬ, ಮ ಅನ್ನುವಾಗ ತುಟಿ ಮುಚ್ಚುವುದು, ‘ಊ’ ಅನ್ನುವಾಗ ದುಂಡಗಾಗುವುದು, ‘ಈ’ ಅನ್ನುವಾಗ ಅಗಲವಾಗುವುದು ಮಗುವಿಗೆ ಕಾಣುತ್ತದೆ. ಬಾಯಿಯನ್ನು ಮುಚ್ಚುವ ಮೂತಿ, ಮೀಸೆ ಬೇಡ, ತಲೆಯ ಮೇಲಷ್ಟೇ ಇರುವ ಫಿಲ್ಟರ್ ಆರಿಸಿ. ‘ಕ’ಗೆ ಇದು ಉಪಯೋಗವಿಲ್ಲ, ಅದು ಹುಟ್ಟುವ ಜಾಗ ಬಾಯಿಯ ಹಿಂದೆ, ಯಾವ ಕ್ಯಾಮೆರಾಕ್ಕೂ ಕಾಣದು. ಇನ್‌ಸ್ಟಾಗ್ರಾಮಿನಲ್ಲಿ ಹೊರಗಿನವರು ಮಾಡಿದ ಫಿಲ್ಟರ್‌ಗಳನ್ನು 2025ರ ಜನವರಿಯಲ್ಲಿ ತೆಗೆದುಹಾಕಲಾಯಿತು, ಹಾಗಾಗಿ ಹಳೆ ವಿಡಿಯೊ ನೋಡಿ ಹುಡುಕಿದರೆ ಸಿಗುವುದಿಲ್ಲ. ಏನೇ ಬಳಸಿ, ತೊದಲುವ ಮಗುವಿನ ವಿಡಿಯೊ ರೀಲ್ಸ್ ಆಗಬಾರದು. ಹತ್ತು ವರ್ಷದ ಮೇಲೆ ಅದನ್ನು ನೋಡುವುದು ಅದರ ಸಹಪಾಠಿಗಳು.

ವಾಯ್ಸ್ ಟೈಪಿಂಗ್‌ನಿಂದ ಉಚ್ಚಾರ ಪರೀಕ್ಷೆ ಮಾಡುವವರೂ ಇದ್ದಾರೆ. ಮಗು ‘ತುದುರೆ’ ಅಂದರೂ ಅದು ಊಹಿಸಿ ‘ಕುದುರೆ’ ಅಂತ ಬರೆದೀತು, ಸರಿಯಾಗಿ ಹೇಳಿದರೂ ಬೇರೇನೋ ಬರೆದೀತು. ಅದು ದೊಡ್ಡವರ ದನಿಗೆ ಒಗ್ಗಿದ ಯಂತ್ರ, ತೀರ್ಪುಗಾರನಲ್ಲ.

ಲಕ್ವ ಹೊಡೆದು ಮಾತು ಹೋದ ಹಿರಿಯರಿಗೆ

ಇಲ್ಲಿ ಎಆರ್‌ನ ಪಾಲು ಚಿಕ್ಕದು. ಪಾರ್ಶ್ವವಾಯುವಿನ ನಂತರ ಪದ ಸಿಗದೆ ಒದ್ದಾಡುವವರಿಗೆ ಮನೆಯ ನಿಜವಾದ ಲೋಟ, ತಟ್ಟೆ, ಪಾತ್ರೆಗಳೇ ಸಾಮಗ್ರಿ. ಫೋಟೊಗೆ ಕ್ಯಾಮೆರಾ ಹಿಡಿದರೆ ವಿಡಿಯೊ ತೆರೆಯುವ ಆ್ಯಪ್‌ಗಳಿವೆ. ಡಬ್ಬದ ಮೇಲೆ ಚಿತ್ರ ಅಂಟಿಸಿ, ಫೋನ್ ಹಿಡಿದಾಗ ಮಗಳು ಆ ಪದ ಹೇಳುವ ವಿಡಿಯೊ ಬರುವಂತೆ ಮಾಡಿಕೊಂಡವರು ಇದ್ದಾರೆ, ಅವಳ ತುಟಿ ನೋಡಿ ಜೊತೆಗೇ ಹೇಳಲು ಅನುಕೂಲ. ಆದರೆ ವಿಡಿಯೊಗೆ ಮೊದಲು ಸುಳಿವು ಕೊಡಿ: “ಹಾಲು ಕಾಯಿಸೋಕೆ ಏನು ಬೇಕು?” ಆಮೇಲೆ “ಪಾ…” ಕೊನೆಗೆ ವಿಡಿಯೊ. ಕೂತೇ ಮಾಡಿಸಿ, ಫೋನ್ ಹಿಡಿದು ಓಡಾಡಿಸಬೇಡಿ. ಒಂದು ಪಕ್ಕದ ದೃಷ್ಟಿ ಮಂಕಾಗಿರುವವರು ಬೀಳುತ್ತಾರೆ. ಇನ್ನೊಂದು ಮಾತು, ಅರವತ್ತೈದು ವರ್ಷದ ಮೇಷ್ಟ್ರಿಗೆ ಕಾರ್ಟೂನ್ ಬಾತುಕೋಳಿ ತೋರಿಸಬೇಡಿ. ಅವರ ಮಾತು ಹೋಗಿದೆ, ಬುದ್ಧಿಯಲ್ಲ.

ಫೋನ್ ಕೆಳಗಿಡುವುದು

ಒಂದು ನೋಟ್‌ಬುಕ್ ಇಡಿ. ದಿನಾಂಕ, ಪದ, ಮಗು ಹೇಳಿದ್ದು ಹೇಗಿತ್ತೋ ಹಾಗೇ. ‘ತುದುರೆ, ತುದುರೆ, ಕುದುರೆ (ಅಮ್ಮ ಹೇಳಿದ ಮೇಲೆ), ಕುದುರೆ (ತಾನೇ)’. ಈ ಕೊನೆಯ ಆವರಣದೊಳಗಿನ ‘ತಾನೇ’ ಹೆಚ್ಚುತ್ತಿದೆಯೇ ಅಂತ ನೋಡುತ್ತಿರಿ.

ಪದವೊಂದು ಐದಕ್ಕೆ ನಾಲ್ಕು ಸಲ ತಾನೇ ಬರತೊಡಗಿದರೆ ಆ ಪದವನ್ನು ಪರದೆಯಿಂದ ಇಳಿಸಿ. ಅದೇ ಜಮಖಾನೆ, ಅದೇ ಮಂಚ, ಈಗ ಚನ್ನಪಟ್ಟಣದ ಮರದ ಕುದುರೆ. ಮೂರನೇ ವಾರ ಗೊಂಬೆಯೂ ಇಲ್ಲದೆ, ಮಾತಿನಲ್ಲಿ ಮಾತ್ರ: “ನಿನ್ನೆ ಮಂಚದ ಕೆಳಗೆ ಯಾರಿದ್ರು?” ಪರದೆಯ ಮುಂದೆ ಮಾತ್ರ ಬರುವ ಪದ ಇನ್ನೂ ಮಗುವಿನದಾಗಿಲ್ಲ. ನಾಲ್ಕು ವಾರವಾದರೂ ಎಲ್ಲೂ ಬದಲಾವಣೆ ಕಾಣದಿದ್ದರೆ ಎಆರ್ ಬಿಡಿ, ಗುರಿಯನ್ನೇ ಬದಲಿಸಬೇಕೇನೋ ಅಂತ ಥೆರಪಿಸ್ಟ್ ಜೊತೆ ಮಾತಾಡಿ. ಈ ಕ್ಷೇತ್ರದಲ್ಲಿ ಆಗಿರುವ ಅಧ್ಯಯನಗಳಲ್ಲಿ ಹೆಚ್ಚಿನವು ಕೆಲವೇ ಮಕ್ಕಳ ಮೇಲೆ, ಕೆಲವೇ ವಾರ ನಡೆದವು. ಎಲ್ಲರಿಗೂ ಒಗ್ಗುತ್ತದೆ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ನಂಬಬೇಡಿ.

ಮುಂದಿನ ಸಲ ಥೆರಪಿಸ್ಟ್ ಹತ್ತಿರ ಹೋಗುವಾಗ ನೋಟ್‌ಬುಕ್ಕಿನ ಜೊತೆ ಒಂದು ನಿಮಿಷದ ವಿಡಿಯೊ ಒಯ್ಯಿರಿ. ಕುದುರೆ ಎಷ್ಟು ಚೆನ್ನಾಗಿ ಓಡಿತು ಅನ್ನುವುದಲ್ಲ, ಇನ್ನೊಂದು ಫೋನಿನಲ್ಲಿ ಮಗುವಿನ ಮುಖ ಮತ್ತು ನಿಮ್ಮ ಮುಖ ಎರಡೂ ಕಾಣುವ ಹಾಗೆ ತೆಗೆದದ್ದು. ನಾನು ಅದರಲ್ಲಿ ಮೊದಲು ನೋಡುವುದು ನೀವು ಎಷ್ಟು ಹೊತ್ತು ಕಾದಿರಿ ಅನ್ನುವುದನ್ನು.